ಸರಾಸರಿಗೆ ಸಿಗದವಳು

"ನನ್ನ ಜೀವಕೋಶಗಳನ್ನ ಯಾರು ಅಳಿಸಿದ್ದು?"

ಲೆಕ್ಕದವನು ಕತ್ತೆತ್ತಿದ. ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಕರೆಯುವುದೇ ಹಾಗೆ. ನಾವು ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಅವನು ಕಂಪ್ಯೂಟರಿನಲ್ಲಿ ಗ್ರಾಫ್ ಮಾಡುತ್ತಾನೆ.

"ಡೇಟಾ ಕ್ಲೀನ್ ಮಾಡಿದೆ ಮೇಡಂ. ಕೆಲವು ಕೋಶಗಳು ಸುಮ್ಮಸುಮ್ಮನೆ ಹೊಳೀತಿದ್ವು, ಆರ್ತಿದ್ವು, ಸರಾಸರಿಗೇ ಸಿಗ್ತಿರಲಿಲ್ಲ. ಮಷೀನಿನ ತಪ್ಪು ಅಂದ್ಕೊಂಡೆ. ಮೂಲ ಫೈಲ್ ಇದೆ, ಗಾಬರಿ ಬೇಡ."

ಸಿಟ್ಟು ನೆತ್ತಿಗೇರಿತು. "ಆ ಹೊಳೆಯೋದು, ಆರೋದೇ ಕಣೋ ನನ್ನ ಕೆಲಸ."

ಅವನನ್ನು ಮೈಕ್ರೋಸ್ಕೋಪ್ ಕೋಣೆಗೆ ಎಳೆದೊಯ್ದು ದೀಪ ಆರಿಸಿದೆ. ಪರದೆಯ ಮೇಲೆ ಹಸಿರು ಚುಕ್ಕೆಗಳು.

"ಎಲ್ಲ ಒಂದೇ ಕೋಶದ ಮಕ್ಕಳು. ಜೀನ್ ಒಂದೇ, ಆಹಾರ ಒಂದೇ. ಆದ್ರೂ ಇದು ಹೊಳೀತಿದೆ, ಪಕ್ಕದ್ದು ಕತ್ತಲು. ಆಮೇಲೆ ನೋಡಿದ್ರೆ ಅದಲು ಬದಲು."

"ಯಾಕೆ?"

"ಯಾಕೂ ಇಲ್ಲ. ಒಳಗೆ ಓಡಾಡೋ ಅಣುಗಳು ಜೀನಿಗೆ ತಾಗಿದ್ರೆ ಅದು ಕೆಲಸ ಮಾಡುತ್ತೆ, ಕೋಶ ಹೊಳೆಯುತ್ತೆ; ತಾಗದಿದ್ರೆ ಇಲ್ಲ. ಎಲ್ಲ ಆಕಸ್ಮಿಕ."

ಅವನು ಪರದೆ ನೋಡುತ್ತಿರಲಿಲ್ಲ. ಹಸಿರು ಬೆಳಕಿನಲ್ಲಿ ನನ್ನನ್ನೇ ನೋಡಿ ತುಟಿಯಂಚಿನಲ್ಲಿ ನಗುತ್ತಿದ್ದ.

"ನಿನ್ನ ಥರಾನೇ," ಅಂದ.

ಹೋದ ವಾರವೇ ಮದುವೆ ಆಗ್ತೀಯಾ ಅಂತ ಕೇಳಿದ್ದ. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು; ಇವತ್ತು ಸಂಜೆಯೊಳಗೆ ಅಲ್ಲಿಯವರಿಗೆ ಹೂಂ ಅಥವಾ ಊಹೂಂ ಹೇಳಬೇಕು. ನನ್ನ ಮಾತಿಗೆ ಕಾಯುತ್ತಿದ್ದ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೆಳಿಗ್ಗೆ ಇವನಿಲ್ಲದೆ ಆಗದು ಅನಿಸುತ್ತೆ. ಮಧ್ಯಾಹ್ನ ಇವನು ಪೆನ್ನು ಕಚ್ಚುತ್ತಾ ಕೂತರೆ ಮೈ ಉರಿಯುತ್ತೆ. "ಮನಸ್ಸು ಒಂದು ಕಡೆ ನಿಲ್ಲದಿದ್ರೆ ಅದು ಪ್ರೀತಿನೇ ಅಲ್ಲ ಕಣೇ," ಅಂದುಬಿಟ್ಟಿದ್ದಳು ಅಕ್ಕ.

"ದಿನಾ ಒಂದೇ ಸಮ ಪ್ರೀತಿಸೋಕೆ ನನ್ನ ಕೈಲಾಗಲ್ಲ," ಅಂದೆ. "ಕೆಲವು ದಿನ ನಿನ್ನ ಮುಖ ನೋಡೋದೂ ಬೇಡ ಅನಿಸುತ್ತೆ."

"ನನಗೂ ಅಷ್ಟೇ," ಅಂದ ಲೆಕ್ಕದವನು. "ನಿನ್ನೆ ನೀನು ರೇಗಿದಾಗ, ಸಾಕಪ್ಪಾ, ಆ ಊರಿಗೇ ಹೋಗಿಬಿಡೋಣ ಅನಿಸಿತ್ತು."

ನಾನು ಮಾತ್ರ ಹೊಯ್ದಾಡುತ್ತಿದ್ದೇನೆ, ಇವನು ಎಲ್ಲಿಗೆ ಹೋಗ್ತಾನೆ ಅಂದುಕೊಂಡಿದ್ದೆ.

"ಈಗ?"

"ಈಗ ಅನಿಸ್ತಿಲ್ಲ. ನಾಳೆ ಗೊತ್ತಿಲ್ಲ."

ಮಹಾಶಯ ಸುಳ್ಳನ್ನೂ ಹೇಳುವುದಿಲ್ಲ. ಕತ್ತಲಲ್ಲಿ ತಡಕಾಡಿ ಅವನ ತೋಳು ಹಿಡಿದೆ.

"ಹೋಗ್ಬೇಡ," ಅಂದೆ. "ನಾಳೆ ನಾನೇ ಹೋಗು ಅಂದ್ರೂ ಹೋಗ್ಬೇಡ."

ಅವನು ಫೋನ್ ತೆಗೆದು ಅಲ್ಲೇ ನಂಬರ್ ಒತ್ತಿದ. "ಸರ್, ನಾನು ಬರ್ತಿಲ್ಲ," ಅಂದ. ಆ ಕಡೆಯವರು ಕಾರಣ ಕೇಳಿರಬೇಕು.

"ಮದುವೆ ಇದೆ ಸರ್," ಅಂದು ನನ್ನ ಕಡೆ ತಿರುಗಿದ.