ನೆಟ್ಟಗೆ ನಿಂತ ನೇತ್ರಾವತಿ

ಬಾಗಿಲು ತೆರೆದ ನೇತ್ರಾವತಿ ಎಂದಿನಂತೆ ಕೊಂಚ ಬಗ್ಗಿಯೇ ನಿಂತಳು. ಹೊಸಿಲಾಚೆ ಇದ್ದವನು ನಮಸ್ಕಾರ ಹೇಳುವುದನ್ನೂ ಮರೆತು ಅವಳ ಭುಜಗಳನ್ನೇ ನೋಡಿದ.

"ಯಾಕ್ ಹಂಗ್ ಬಗ್ಗಿದೀರಾ? ಬಾಗಿಲು ಎತ್ತರವಾಗೇ ಇದೆಯಲ್ಲ."

ಬಂದವನು ಬಂದ ಹಾಗೇ ಕೊಂಕು ತೆಗೆಯುತ್ತಾನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿಗೆ ಬೆನ್ನು ತಾನಾಗಿ ನೆಟ್ಟಗಾಯಿತು. ಆಗ ಅವನ ನೆತ್ತಿ ಕಾಣಿಸಿತು. ಆಸಾಮಿ ಅವಳ ಕಿವಿಯ ಮಟ್ಟಕ್ಕೂ ಬರುತ್ತಿರಲಿಲ್ಲ. ಅವಳು ತಟ್ಟನೆ ಮತ್ತೆ ಬಗ್ಗಿದಳು. ಅವನು ನಕ್ಕುಬಿಟ್ಟ. ಆ ನಗುವಿನಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ, ಅದೇ ಅವಳಿಗೆ ಆಶ್ಚರ್ಯ.

ಅವನ ಹೆಸರು ಕನಕರಾಜು. ಕುಣಿಗಲ್ ಕಡೆಯ ಕೊತ್ತಗೆರೆಯವನು, ತುಮಕೂರಿನಲ್ಲಿ ಮನೆಮನೆಗೆ ಹೋಗಿ ವ್ಯಾಯಾಮ ಕಲಿಸುವ ಟ್ರೈನರ್. ನೇತ್ರಾವತಿಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಆಫೀಸ್ ಕೆಲಸ. ಕೂತು ಕೂತು ಬೆನ್ನುನೋವು ಹತ್ತಿ, ವ್ಯಾಯಾಮ ಮಾಡದೆ ವಿಧಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಜಿಮ್ಮಿಗೆ ಹೋಗೋಣವೆಂದರೆ ಸುತ್ತ ಕನ್ನಡಿ. ತನ್ನ ಎತ್ತರವನ್ನು ಎಲ್ಲ ದಿಕ್ಕಿನಿಂದ ನೋಡಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಹಾಗಾಗಿ ಶೆಟ್ಟಿಹಳ್ಳಿಯ ಮನೆಗೇ ಟ್ರೈನರನ್ನು ಕರೆಸುವುದೆಂದಾಯಿತು. ಮೊದಲು ಬಂದವನು ಪ್ರೋಟೀನ್ ಪುಡಿ ಮಾರಲು ಕೂತ. ಗುಬ್ಬಿಯ ಕೋಮಲಾ ಬಲು ಅಚ್ಚುಕಟ್ಟಾಗಿ ಕಲಿಸಿದಳು, ಆದರೆ ಅಪ್ಪಿತಪ್ಪಿಯೂ ನಗಲಿಲ್ಲ. ಇವನನ್ನೂ ಒಂದು ವಾರ ನೋಡಿ ಯಾರಾದರೊಬ್ಬರನ್ನು ಗೊತ್ತುಮಾಡೋಣ ಎಂದುಕೊಂಡಳು.

ಬೆಳಗಿನ ಎಳೆಬಿಸಿಲಲ್ಲಿ ತಾರಸಿಯ ಮೇಲೆ ಪಾಠ ಶುರುವಾಯಿತು. ಕನಕರಾಜುವಿನದು ಒಂದು ವಿಚಿತ್ರ ಪದ್ಧತಿ. ಹೆಣ್ಣುಮಕ್ಕಳಿಗೆ ಕಲಿಸುವಾಗ ಅವನು ಮೈ ಮುಟ್ಟುತ್ತಿರಲಿಲ್ಲ. ಭುಜ ಸರಿಪಡಿಸಬೇಕಾದರೆ ನೇತ್ರಾವತಿಯ ತಾಯಿ ಕೊಲ್ಲಾಪುರಮ್ಮನನ್ನು ಕರೆಯುತ್ತಿದ್ದ. ಆಯಮ್ಮ ಒಗ್ಗರಣೆ ಸೌಟು ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದು, ಅವನು ಹೇಳಿದಂತೆ ಮಗಳ ಭುಜ ಹಿಂದಕ್ಕೆ ಎಳೆಯಬೇಕು, ಬೆನ್ನು ನೇವರಿಸಿ ನೆಟ್ಟಗೆ ಮಾಡಬೇಕು.

ಅದೇ ಕೈ ಹಿಂದೆ ಆ ಭುಜಗಳನ್ನು ಅದುಮಿತ್ತು. ಹೆಣ್ಣು ನೋಡಲು ಬಂದವರ ಮುಂದೆಲ್ಲ ಸ್ವಲ್ಪ ಬಗ್ಗು ಎಂದು ತಾಯಿ ಪಿಸುಗುಟ್ಟುತ್ತಿದ್ದರು. ಗಂಡು ಕುಳ್ಳಗೆ ಕಾಣಬಾರದಲ್ಲ. ಎಷ್ಟು ಬಗ್ಗಿದರೂ ಸಂಬಂಧ ಕೂಡಿ ಬರಲಿಲ್ಲ, ಬಗ್ಗುವುದು ಮಾತ್ರ ಅಭ್ಯಾಸವಾಗಿ ಉಳಿಯಿತು. ಒಂದು ದಿನ ಮಗಳ ಭುಜದ ಮೇಲೆ ಕೈಯಿಟ್ಟವರು ಅಲ್ಲೇ ನಿಂತುಬಿಟ್ಟರು.

"ನಾನೇ ಬಗ್ಸಿದ್ದು ಕಣಪ್ಪ. ನೆಟ್ಟಗೂ ನಾನೇ ಮಾಡ್ತೀನಿ ಬುಡು."

ಕನಕರಾಜು ಅವರು ಕಣ್ಣೊರೆಸಿಕೊಳ್ಳಲಿ ಎಂದು ಅತ್ತ ತಿರುಗಿ ಪಕ್ಕದ ಮನೆಯ ನುಗ್ಗೆಮರ ನೋಡುತ್ತ ನಿಂತ. ನೇತ್ರಾವತಿಗೆ ಅವನು ಇಷ್ಟವಾದದ್ದು ಆ ಗಳಿಗೆಯಲ್ಲಿ.

ಆಮೇಲೆ ಅವಳು ನೆಲದ ಮೇಲಿರಲಿಲ್ಲ. ಕಂಪನಿ ಬಸ್ಸು ಗುಬ್ಬಿ ರಸ್ತೆ ಹಿಡಿದರೆ ಕಿಟಕಿಗೆ ತಲೆ ಕೊಟ್ಟು ಅವನ ನಗುವನ್ನು ನೆನೆಯುವಳು. ಮಧ್ಯಾಹ್ನ ಕಾಂಪೌಂಡಿನಾಚೆ ಹೆಲಿಕಾಪ್ಟರ್ ಮೇಲೇಳುವ ಸದ್ದಾದರೆ, ದಿನಾ ಕೇಳುವ ಸದ್ದೇ ಆದರೂ, ಊಟದ ಡಬ್ಬಿ ಮರೆತು ಆಕಾಶ ನೋಡುವಳು. ಬೆಳಿಗ್ಗೆ ಅವನ ಬೈಕು ಗೇಟಿನ ಬಳಿ ನಿಲ್ಲುವ ಮೊದಲೇ ಎದೆ ಡವಗುಟ್ಟುತ್ತಿತ್ತು. ಅವನೂ ಅಷ್ಟೇ, ಉಸಿರು ಎಳ್ಕೊಳ್ಳಿ ಎಂದು ಹೇಳಿ, ಬಿಡಿ ಎನ್ನುವುದನ್ನು ಮರೆತು ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ಕೆನ್ನೆಯುಬ್ಬಿಸಿಕೊಂಡು ಹುಬ್ಬು ಹಾರಿಸಿದರೆ ಬೆಚ್ಚಿಬೀಳುತ್ತಿದ್ದ.

ವಾರದ ಕೊನೆಯ ದಿನ ಬಂತು. ನಾಳೆಯಿಂದ ನೀವೇ ಬನ್ನಿ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತು ತೆಗೆದ.

"ನೀವು ಕೋಮಲಾ ಅವ್ರನ್ನೇ ಇಟ್ಕೊಳ್ಳಿ. ನಾನ್ ಬೇಡ."

ನೇತ್ರಾವತಿಯ ಭುಜಗಳು ತಾವಾಗಿ ಇಳಿದವು. ಇವನೂ ತನ್ನ ಎತ್ತರ ಕಂಡು ಹಿಂದೆ ಸರಿದನೇ? ಸುಮ್ಮನೆ ನುಂಗಿಕೊಂಡು ಒಳಗೆ ಹೋಗಿಬಿಡಬಹುದಿತ್ತು. ಇಷ್ಟು ವರ್ಷ ಮಾಡಿದ್ದು ಅದನ್ನೇ. ಈ ಸಲ ಅವಳಿಂದ ಆಗಲಿಲ್ಲ. ಯಾಕೆ ಎಂದು ಕೇಳಿಯೇಬಿಟ್ಟಳು.

ಅವನು ನೆಲ ನೋಡುತ್ತ ಹೇಳಿದ. ಬೆನ್ನು ನೋಡಬೇಕಾದವನು ಮುಖ ನೋಡುತ್ತ ಕೂತರೆ ಅವಳ ಸೊಂಟ ಹಿಡಿದುಕೊಳ್ಳುತ್ತದೆ, ಅದು ಕಲಿಸಲು ಬಂದವನು ಮಾಡುವ ಮೋಸ. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಟ್ರೈನರ್ ಅಂತ ಈ ಮೆಟ್ಟಿಲು ಹತ್ತಲು ತನ್ನಿಂದ ಆಗುವುದಿಲ್ಲ. ಅಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯತೊಡಗಿದ.

ನೇತ್ರಾವತಿ ಅಲ್ಲೇ ನಿಂತು ಕೋಮಲಾಗೆ ಫೋನ್ ಮಾಡಿದಳು. ನಾಳೆಯಿಂದ ಬನ್ನಿ ಮೇಡಂ ಎಂದಳು, ಅವನಿಗೂ ಕೇಳಿಸುವ ಹಾಗೆ. ಅವನ ಹೆಜ್ಜೆ ನಿಂತಿತು.

"ಟ್ರೈನರ್ ಸಿಕ್ಕಿದ್ರು," ಎಂದಳು. "ಈಗ ನೀವು ಟ್ರೈನರ್ ಅಲ್ವಲ್ಲ. ಮನಸ್ಸಲ್ಲಿ ಇರೋದನ್ನ ಹೇಳ್ಬೋದು."

ಕೆಳಗಿನ ಮೆಟ್ಟಿಲಲ್ಲಿ ನಿಂತು ಅವನು ತಲೆಯೆತ್ತಿ ನೋಡಿದ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ಕಿವಿ ಕೆಂಪಾಗಿತ್ತು.

"ಇಷ್ಟ ಕಣ್ರೀ. ಬಾಗಿಲು ತೆಗ್ದಾಗ್ಲೇ ಇಷ್ಟ ಆಗೋದ್ರಿ. ಆದ್ರೆ ನಾನು ಕುಳ್ಳ. ಜೊತೇಲಿ ಓಡಾಡಿದ್ರೆ ಜನ ನಗ್ತಾರೆ."

"ನಗ್ಲಿ ಬಿಡಿ. ನಾನಂತೂ ಇನ್ಮೇಲೆ ಬಗ್ಗಲ್ಲ. ಅದು ನಿಮಗೆ ಒಪ್ಪಿಗೇನಾ ಹೇಳಿ."

ಅವನು ಬ್ಯಾಗು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಬಂದು, ಅವಳ ಪಕ್ಕದಲ್ಲಿ ನಿಂತು ಕೈ ಚಾಚಿದ. ನೇತ್ರಾವತಿ ಆ ಕೈ ಹಿಡಿದುಕೊಂಡಳು. ಅವನ ಅಂಗೈ ಬೆವೆತಿತ್ತು. ಎದುರು ಮನೆಯವರು ಬಟ್ಟೆ ಒಣಹಾಕುತ್ತ ಇವರನ್ನೇ ನೋಡುತ್ತಿದ್ದರು, ಅವಳು ಅಷ್ಟೂ ಎತ್ತರಕ್ಕೆ ನಿಂತೇ ಇದ್ದಳು.