ಖಾಲಿ ಬಿಟ್ಟ ಉತ್ತರ

"ಬೇಡ ಅಂದ್ಮೇಲೆ ಮತ್ಯಾಕೆ ಬಂದ್ರಿ?"

ಅವನ ಮಾತಿಗೆ ಅವಳು ಆಫೀಸಿನ ಅವನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಬೇಡ ಅಂದೆನಾ? ಯಾವಾಗ?

ಇಬ್ಬರೂ ಸೇರಿ ಆಫೀಸ್ ಬಸ್ಸಿನ ಸೀಟು ಕಾದಿರಿಸುವ ಆ್ಯಪ್ ಕಟ್ಟುತ್ತಿದ್ದರು. ಅವಳು ಪ್ರೋಗ್ರಾಂ ಬರೆಯುತ್ತಿದ್ದುದು ಪೈಥಾನ್ ಭಾಷೆಯಲ್ಲಿ, ಅವನು ಜಾವಾದಲ್ಲಿ. ನಡುವೆ ಎರಡೂ ಪ್ರೋಗ್ರಾಂಗಳು ಮಾಹಿತಿ ಇಟ್ಟು ತೆಗೆಯುವ ಕ್ಯಾಶ್ ಮೆಮೊರಿ. ಇಬ್ಬರಿಗೂ ಸೇರಿ ಒಂದೇ ಡಬ್ಬ ಅನ್ನಿ. ಪಕ್ಕದ ಸೀಟು ಕೇಳಿದವರಿಗೆ 'ಹೂಂ' ಅನ್ನಲು ಒಂದು, 'ಬೇಡ' ಅನ್ನಲು ಸೊನ್ನೆ.

ಮೊನ್ನೆ ಆ್ಯಪ್ ಪರೀಕ್ಷಿಸುವ ನೆಪದಲ್ಲಿ ಅವನು ಅದರಲ್ಲೇ ಕೇಳಿದ್ದ. 'ನಿಮ್ಮ ಪಕ್ಕ ಕೂರಬಹುದಾ? ಬಸ್ಸಲ್ಲಿ ಮಾತ್ರ ಅಲ್ಲ... ಜೀವನಪೂರ್ತಿ!'

ಎಂಥ ಜಾಗ ಸಿಕ್ಕಿತು ನೋಡಿ ಮಹಾರಾಯನಿಗೆ!

ಅವಳು ಅದನ್ನು ಮತ್ತೆ ಮತ್ತೆ ಓದಿದ್ದಳು. ಏನನ್ನೂ ಒತ್ತಿರಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ ಕಣೇ, ಅವನಿಗೇ ಗೊತ್ತಾಗುತ್ತೆ ಬಿಡು," ಎಂದು ಅಕ್ಕ ರೇಗಿಸಿದ್ದಳು.

ಆದರೆ ಅಂದಿನಿಂದ ಅವನು ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ನೋಡಿದರೆ ಬೇರೆ ಊರಿಗೆ ವರ್ಗ ಕೇಳಿಕೊಂಡು, ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದಾನೆ. ತಾನೇ ಕೇಳಿ ತಾನೇ ಮುನಿಸಿಕೊಂಡರೆ ಏನರ್ಥ?

"ನಾನು ಉತ್ತರಾನೇ ಕೊಟ್ಟಿಲ್ಲ!"

"ಸುಳ್ಳು ಯಾಕ್ರೀ? ಇಲ್ಲೇ ಇದೆ ನೋಡಿ."

ಅವನ ಪರದೆಯ ಮೇಲೆ ಸೊನ್ನೆ. ಅವಳು ತನ್ನ ಮೇಜಿನತ್ತ ಓಡಿದಳು. ತನ್ನ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿಟ್ಟಳು. ಅದೇ ಪ್ರಶ್ನೆ... ಉತ್ತರದ ಜಾಗ ಖಾಲಿ!

ಒಂದೇ ಡಬ್ಬ. ಇಲ್ಲಿ ಖಾಲಿ, ಅಲ್ಲಿ ಸೊನ್ನೆ. ಇದೇನು ಮಾಟವೋ ಮಂತ್ರವೋ?

"ಉತ್ತರಾನ ಯಾವ ಡೇಟಾ ಟೈಪ್‌ನಲ್ಲಿ ಓದ್ತೀರಿ?"

"ಇಂಟ್..." ಅವನ ದನಿ ಅಲ್ಲೇ ಇಳಿಯಿತು. "ಅಯ್ಯೋ! ಅದ್ರಲ್ಲಿ ಯಾವ್ದಾದ್ರೂ ಅಂಕಿ ಇರ್ಲೇಬೇಕು, ಖಾಲಿ ಇರೋಕಾಗಲ್ಲ. ಏನೂ ಬರ್ದಿದ್ರೆ ಸೊನ್ನೆ ಅಂತ ತಗೊಂಡ್ಬಿಡುತ್ತೆ."

"ಅಂದ್ರೆ ನಾನು ಯೋಚನೆ ಮಾಡ್ತಾ ಕೂತಿದ್ರೆ..."

"ನನ್ನ ಪ್ರೋಗ್ರಾಂ ಬೇಡ ಅಂತ ಓದ್ಕೊಂಡಿದೆ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಬಾಯಿ ಬಿಟ್ಟು ಒಂದ್ಮಾತು ಕೇಳ್ಬಾರ್ದಿತ್ತಾ?"

"ಭಯ ಆಯ್ತು. ಇನ್ನೊಂದ್ಸಲ ಬೇಡ ಅಂದಿದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ..."

ಅವಳು ಕೀಬೋರ್ಡಿನತ್ತ ಕೈ ಚಾಚಿದಳು. ಅವನು ಮೆಲ್ಲನೆ ತಡೆದ.

"ಅದಕ್ಕೆ ಬೇಡ. ನನಗೇ ಹೇಳಿ."

ಅವಳು ಪೆಟ್ಟಿಗೆಯಿಂದ ಅವನ ಕಾಫಿ ಲೋಟ ತೆಗೆದು, ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು.

"ಹೂಂ."

ಅವನು ಆ ಲೋಟವನ್ನೇ ನೋಡುತ್ತಾ ನಿಂತ. ಕಣ್ಣು ತುಂಬಿತ್ತು.

"ವರ್ಗ ಬೇಡ ಅನ್ಬೇಕಲ್ಲ... ಮ್ಯಾನೇಜರ್‌ಗೆ ಏನಂತ ಹೇಳ್ಲಿ?"

"ನಿಜಾನೇ ಹೇಳಿ. ಅವಳು ಬೇಡ ಅಂದೇ ಇರ್ಲಿಲ್ಲ ಅಂತ!"