ಗೆಜೆಟ್ ಅಚ್ಚಾದ ದಿನ

ಕಪ್ಪು ವೋಲ್ಗಾ ಕಾರು ಫುಟ್‌ಪಾತ್ ಹತ್ತಿತು. ನೇರ ನನ್ನ ಮೇಲೆ.

ಕಲ್ಲಂಗಡಿ ರಾಶಿಯ ಹಿಂದೆ ಹಾರಿದೆ. ಹಣ್ಣುಗಳು ಸಿಡಿದವು... ಮೈಯೆಲ್ಲ ಕೆಂಪು. ಅದರಲ್ಲಿ ನನ್ನ ರಕ್ತ ಎಷ್ಟು ಅಂತ ನೋಡಲು ಪುರಸೊತ್ತಿರಲಿಲ್ಲ.

ಅಂಗಿಯೊಳಗೆ ಮೂರು ಹಾಳೆ. ಒಂದು ಕಾನೂನು.

ಸೋವಿಯತ್ ಮುರಿದುಬಿದ್ದು ನಮ್ಮ ದೇಶ ಹುಟ್ಟಿ ಆಗ ಎರಡೇ ವರ್ಷ. ಅಧ್ಯಕ್ಷರು ಬೇಕಾದಾಗ ಪ್ರಧಾನಿಯನ್ನು ಕೂರಿಸುತ್ತಿದ್ದರು, ಬೇಡವಾದಾಗ ಕಿತ್ತೆಸೆಯುತ್ತಿದ್ದರು. ಇನ್ನು ಕೀಳಬೇಕಾದರೆ ಸಂಸತ್ತು ಒಪ್ಪಬೇಕು. ಅದೇ ಈ ಕಾನೂನು. ಅಧ್ಯಕ್ಷರು ಸಹಿ ಹಾಕಲಿಲ್ಲ. ಸಂಸತ್ತು ಎರಡನೇ ಸಲ ಪಾಸು ಮಾಡಿತು, ಇನ್ನು ಸಹಿ ಬೇಕಿರಲಿಲ್ಲ. ಅವತ್ತು ಮಧ್ಯಾಹ್ನ ಹನ್ನೆರಡರೊಳಗೆ ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾದರೆ ಜಾರಿ. ಇಲ್ಲವಾದರೆ ಕಸದ ಬುಟ್ಟಿ.

"ಜೀವ ಹೋದರೂ ಪ್ರೆಸ್‌ಗೆ ಮುಟ್ಟಿಸು, ಎರ್ಮೆಕ್," ಅಂದಿದ್ದ ಸ್ಪೀಕರ್ ಶಾಮೆನ್. ನಾನು ಮಾಜಿ ಪೊಲೀಸ್. ಅವನ ಕಾವಲಿನವನು. ನಂಬಿದೆ.

ಪ್ರೆಸ್ ಬಾಗಿಲಲ್ಲಿ ಅಧ್ಯಕ್ಷರ ಕಡೆಯವನೊಬ್ಬ ನಿಂತಿದ್ದ.

"ಕೊಟ್ಟು ಮನೆಗೆ ಹೋಗು."

"ದಾರಿ ಬಿಡು."

ಬಿಡಲಿಲ್ಲ. ಅವನ ಮೂಗು ಮುರಿಯಿತು, ನನ್ನದೊಂದು ಹಲ್ಲು ಹೋಯಿತು. ಒಳಗೆ ನುಗ್ಗಿ ಚಿಲಕ ಹಾಕಿದೆ.

ಅಚ್ಚಿನ ಮೇಲ್ವಿಚಾರಕಿ ಕಾಲಿಪಾ ಅಕ್ಕ ಏನೂ ಕೇಳಲಿಲ್ಲ. ಹಾಳೆ ಇಸಿದುಕೊಂಡು ಅಕ್ಷರ ಜೋಡಿಸತೊಡಗಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಶಾಮೆನ್.

"ನಿಲ್ಲಿಸು, ಎರ್ಮೆಕ್."

"ಯಾಕೆ?"

"ಅಧ್ಯಕ್ಷರು ಈಗಷ್ಟೇ ನನ್ನನ್ನ ಪ್ರಧಾನಿ ಮಾಡಿದ್ರು. ಅವರಿಗೆ ಬೇಜಾರಾಗೋ ಕಾನೂನು ಈಗ ಯಾಕೆ?"

"ಎಪ್ಪತ್ತು ಜನ ವೋಟು ಹಾಕಿದ್ದಾರೆ."

"ಅವರಿಗೂ ಏನಾದ್ರೂ ಕೊಡೋಣ. ನಿನಗೂ."

ಫೋನ್ ಕುಕ್ಕಿದೆ.

"ಯಾರಪ್ಪ ಅದು?"

"ಹೊಸ ಪ್ರಧಾನಿ. ಅಚ್ಚು ಹಾಕಬಾರದಂತೆ, ಅಕ್ಕ."

"ಸಂಸತ್ತು ಮತ್ತೆ ಸೇರಿ ಬೇಡ ಅಂದಿತಾ?"

"ಇಲ್ಲ."

"ಹಂಗಾದ್ರೆ ಆ ಕಡೆ ಸರಿ, ತಮ್ಮ. ಬೆಳಕಿಗೆ ಅಡ್ಡ ನಿಂತಿದ್ದೀಯ."

ಯಂತ್ರ ಗುಡುಗಿತು. ಗಂಟೆ ಹನ್ನೊಂದೂಮುಕ್ಕಾಲು.

ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದರು. ಮೂವತ್ತೊಂದು ವರ್ಷದ ಸರ್ವಿಸು.

ನಾಲ್ಕು ತಿಂಗಳಿಗೆ ಅಧ್ಯಕ್ಷರಿಗೆ ಶಾಮೆನ್ ಹಳಸಿದ. ಕೀಳಲು ಹೋದರು. ಸಂಸತ್ತು ಒಪ್ಪಲಿಲ್ಲ. ಕಾನೂನು ಅಡ್ಡ ಬಂತು! ಅವನು ಅಚ್ಚಾಗಬಾರದು ಅಂದ ಅದೇ ಕಾನೂನು.

ನಾಚಿಕೆಗೆಟ್ಟವನು ಫೋನ್ ಮಾಡಿದ.

"ನನ್ನ ಕುರ್ಚಿ ಉಳಿಸಿದೆ, ಎರ್ಮೆಕ್. ಏನು ಬೇಕೋ ಕೇಳು."

"ಕಾಲಿಪಾ ಅಕ್ಕನಿಗೆ ಕೆಲಸ ವಾಪಸ್ ಕೊಡಿ."

"ಪ್ರೆಸ್ಸು ಅಧ್ಯಕ್ಷರ ಕೈಕೆಳಗೆ ಬರುತ್ತಪ್ಪ. ಅದು ನನ್ನ ಅಧಿಕಾರ ಅಲ್ಲ."

ಅಧ್ಯಕ್ಷರು, ಪ್ರಧಾನಿ, ಸಂಸತ್ತು... ಅಧಿಕಾರವನ್ನು ಮೂವರೂ ಹಂಚಿಕೊಂಡಿದ್ದರು. ಶಿಕ್ಷೆ ಮಾತ್ರ ಇಡಿಯಾಗಿ ಅವಳೊಬ್ಬಳಿಗೇ ಬಿಟ್ಟಿದ್ದರು.